ಫೈಲಲ್ಲಿ ಪಾಸ್‌ಪೋರ್ಟ್ ಕಾಪಿ ಇದೆ, ದುಡ್ಡು ಎಲ್ಲಿಂದ ಬಂತು ಅನ್ನೋದೇ ಇಲ್ಲ

ಮನಿ ಲಾಂಡರಿಂಗ್, ಅಂದ್ರೆ ಕಳ್ಳ ದುಡ್ಡನ್ನ ಸಾಚಾ ಮಾಡೋದು, ಅದನ್ನ ತಡೆಯೋ ನಿಯಮ ಪಾಲಿಸ್ತಿದಾರಾ ಅಂತ ವಕೀಲರ, ಅಕೌಂಟೆಂಟ್‌ಗಳ ಫೈಲ್ ತೆಗೆಸಿ ನೋಡೋದು ನನ್ನ ಕೆಲಸ. ಮೊದ್ಲು ಒಂದು ಫೈಲಿನ ಕಥೆ ಕೇಳಿ. ಕ್ಲೈಂಟ್ ಒಬ್ಬ ಆಸ್ತಿ ತಗೊಳ್ಳೋಕೆ ಅಂತ ವಕೀಲರ ಕ್ಲೈಂಟ್ ಅಕೌಂಟಿಗೆ (ಕ್ಲೈಂಟ್‌ಗಳ ದುಡ್ಡು ಇಡೋ ಖಾತೆ) ದೊಡ್ಡ ಮೊತ್ತ ಹಾಕ್ತಾನೆ, ಹತ್ತು ದಿನ ಬಿಟ್ಟು ವ್ಯವಹಾರ ಮುರಿದು ಬಿತ್ತು ದುಡ್ಡು ವಾಪಸ್ ಹಾಕಿ ಅಂತಾನೆ, ಆದ್ರೆ ಬಂದ ಅಕೌಂಟಿಗಲ್ಲ, ಬೇರೆ ಯಾವುದೋ ಕಂಪನಿ ಅಕೌಂಟಿಗೆ. ಇವರು ಹಾಕಿಬಿಟ್ರು. ಮುಗೀತು ನೋಡಿ! ಈಗ ಆ ಕಂಪನಿಯ ಬ್ಯಾಂಕಿನವರ ಕಣ್ಣಿಗೆ ಅದು ವಕೀಲರ ಕಡೆಯಿಂದ ಬಂದ ಶುದ್ಧ ದುಡ್ಡು.

ಆ ಫೈಲಲ್ಲಿ ಪಾಸ್‌ಪೋರ್ಟ್ ಕಾಪಿ, ಅಡ್ರೆಸ್ ಪ್ರೂಫ್, ಸಹಿ ಹಾಕಿದ ಫಾರ್ಮ್ ಎಲ್ಲಾ ಇತ್ತು, ಎಲ್ಲಾದಕ್ಕೂ ಟಿಕ್ ಬಿದ್ದಿತ್ತು. ದುಡ್ಡು ಎಲ್ಲಿಂದ ಬಂತು ಅನ್ನೋದು, ಆಸ್ತಿ ಮಾರೋನ ಹೆಸರು ಮಾತ್ರ ಎಲ್ಲೂ ಇರ್ಲಿಲ್ಲ.

ವಕೀಲರಿಗೆ ಇದನ್ನ ಹೇಳಿದ್ರೆ ಥಟ್ಟನೆ ಬರೋ ಉತ್ತರ, ಕ್ಲೈಂಟ್ ಗುಟ್ಟು ನಾವು ಬಿಟ್ಟುಕೊಡೋ ಹಾಗಿಲ್ಲ ಅಂತ. ನಿಜ, ಕೋರ್ಟಲ್ಲಿ ವಾದ ಮಾಡೋಕೆ, ಕಾನೂನು ಸಲಹೆ ಕೊಡೋಕೆ ಆ ರಕ್ಷಣೆ ಬೇಕೇ ಬೇಕು. ಮನಿ ಲಾಂಡರಿಂಗ್ ತಡೆಯೋಕೆ ದೇಶಗಳಿಗೆ ನಿಯಮ ಮಾಡೋ, 1989ರಲ್ಲಿ ಶುರುವಾದ ಅಂತಾರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ತನ್ನ ನಿಯಮಗಳಿಗೆ ವಕೀಲರನ್ನ, ಅಕೌಂಟೆಂಟ್‌ಗಳನ್ನ 2003ರಲ್ಲಿ ಸೇರಿಸಿದಾಗಲೂ ಅದನ್ನ ಮುಟ್ಟಲಿಲ್ಲ. ಅವರು ಹಿಡಿದಿದ್ದು ಆಸ್ತಿ ಖರೀದಿ-ಮಾರಾಟ, ಕ್ಲೈಂಟ್ ದುಡ್ಡು ನೋಡ್ಕೊಳ್ಳೋದು, ಬ್ಯಾಂಕ್ ಖಾತೆ ನಡೆಸೋದು, ಕಂಪನಿ ಹುಟ್ಟುಹಾಕೋದು, ಇಂಥಾ ಕೆಲಸಗಳನ್ನ. ಅಂದ್ರೆ ದುಡ್ಡು ನಿಮ್ಮ ಕೈ ಮೇಲೆ ಹಾದು ಹೋಗೋ ಜಾಗ. ಆದ್ರೂ ಈ ಜಗಳ ಮುಗಿದಿಲ್ಲ. ಕೆನಡಾದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ವಕೀಲರ ಪರ ನಿಂತು ಅವರಿಗೆ ಅನ್ವಯಿಸ್ತಿದ್ದ ಕೆಲವು ನಿಯಮ ಹೊಡೆದು ಹಾಕ್ತು, ಭಾರತದಲ್ಲಿ 2023ರ ಮೇ 3ರ ಅಧಿಸೂಚನೆ ಸಿಎ, ಸಿಎಸ್ (ಕಂಪನಿ ಸೆಕ್ರೆಟರಿ), ಕಾಸ್ಟ್ ಅಕೌಂಟೆಂಟ್‌ಗಳನ್ನ ಮನಿ ಲಾಂಡರಿಂಗ್ ಕಾನೂನಿನ ಒಳಗೆ ತಂತು, ವಕೀಲರನ್ನ ಹೊರಗೇ ಬಿಡ್ತು.

ಇನ್ನು ಈ ವಕೀಲರು, ಅಕೌಂಟೆಂಟ್‌ಗಳು ನಿಯಮ ಪಾಲಿಸ್ತಾರಾ ಅಂತ ನೋಡೋರು ಯಾರು? ಎಫ್‌ಎಟಿಎಫ್ ಪ್ರಕಾರ ವೃತ್ತಿಯವರ ಸ್ವಂತ ಸಂಸ್ಥೆಯೇ ನೋಡ್ಕೋಬಹುದು. ಮೆಂಬರ್ ಫೀಸ್ ತಗೊಳ್ಳೋದು, ಮೆಂಬರ್ ಪರ ಸರ್ಕಾರದ ಹತ್ರ ಮಾತಾಡೋದು, ಅದೇ ಮೆಂಬರ್‌ಗೆ ದಂಡ ಹಾಕೋದು, ಮೂರೂ ಒಬ್ಬರದೇ ಆದ್ರೆ ಹೇಗೆ ಹೇಳಿ. ಬೇಲಿಯೇ ಎದ್ದು ಹೊಲ ಮೇಯ್ತು ಅಂತೇನಲ್ಲ, ಬೇಲಿಗೆ ತೂಕಡಿಕೆ ಜಾಸ್ತಿ. ಬ್ರಿಟನ್‌ನಲ್ಲಿ ಇಂಥಾ 22 ಸಂಸ್ಥೆ ಇದ್ವು, ಅವುಗಳ ಮೇಲೆ ಕಣ್ಣಿಡೋಕೆ ಅಂತಲೇ 2018ರಲ್ಲಿ ಓಪಿಬಾಸ್ ಅಂತ ಇನ್ನೊಂದು ಮೇಲ್ವಿಚಾರಣಾ ಸಂಸ್ಥೆ ಮಾಡಿದ್ರು, ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಈ ಕೆಲಸ ಎಲ್ಲಾ ಅಲ್ಲಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎಗೇ ಕೊಡ್ತೀವಿ ಅಂತು.

ನಂಗೆ ಇದು ಅರ್ಧ ಒಪ್ಪಿಗೆ. ಹೊರಗಿನವರಿಗೆ ದಾಕ್ಷಿಣ್ಯ ಇರಲ್ಲ, ಸರಿ, ಆದ್ರೆ ಅವರು ಟಿಕ್ ಎಣಿಸಿ ಎದ್ದು ಹೋಗ್ತಾರೇನೋ ಅನ್ನೋ ಭಯ. ಮೇಲಿನ ಫೈಲಲ್ಲಿ ಮಾರೋನ ಹೆಸರೇ ಇಲ್ಲ ಅಂತ ಕಣ್ಣಿಗೆ ಬೀಳೋದು ಆಸ್ತಿ ಕಾಗದ ಮಾಡಿ ಗೊತ್ತಿರೋರಿಗೆ. ನಾನಂತೂ ಎಲ್ಲಿ ಹೋದ್ರೂ ಮೊದ್ಲು ಕೇಳೋದು ಒಂದೇ, ನೀವು ಬೇಡ ಅಂತ ವಾಪಸ್ ಕಳ್ಸಿದ ಒಂದು ಕ್ಲೈಂಟ್ ಫೈಲ್ ತೋರ್ಸಿ. ಸುಮಾರು ಕಡೆ ಆಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೋತಾರೆ.

ಆ ವಕೀಲರು ಕೊನೆಗೆ ಕೇಳಿದ್ರು, "ಸರಿ ಸಾರ್, ಅನುಮಾನದ ವರದಿ ಹಾಕ್ತೀನಿ, ಹಳೇ ಕ್ಲೈಂಟು, ಅವನಿಗೆ ಒಂದು ಮಾತು ಹೇಳಿ ಹಾಕ್ಲಾ?" ಹೇಳಿದ್ರೆ ಅದು ಇನ್ನೊಂದು ತಪ್ಪು, ವರದಿ ಹೋಗ್ತಿದೆ ಅಂತ ಕ್ಲೈಂಟ್‌ಗೆ ಸುಳಿವು ಕೊಡೋ ಹಾಗೇ ಇಲ್ಲ ಅಂದೆ. ಅವರು ಫೋನ್ ಮೇಜಿನ ಮೇಲೆ ಮಗುಚಿ ಇಟ್ರು.