ಉಪ್ಪು, ಹುಳಿ, ಖಾರ ತಾನೇ ಹೊತ್ತು ತರುವ ಸಾಸೇಜ್

ಮಳೆಗಾಲಕ್ಕೆ ಮುಂಚಿನ ಶುಕ್ರವಾರದ ಗೋವಾದ ಮಾಪುಸಾ ಸಂತೆಯಲ್ಲಿ ದಾರಕ್ಕೆ ಕಟ್ಟಿ ತೂಗುಹಾಕಿದ ಚೋರಿಸ್ ಎಂಬ ಸಾಸೇಜ್ ಕಾಣುತ್ತದೆ. ಒಳಗಿರುವುದು ಬೇಯಿಸದ ಹಂದಿಮಾಂಸ, ಸುತ್ತಲಿರುವುದು ಬೆವರಿಳಿಸುವ ಸೆಕೆ. ಆದರೂ ಅದು ಕೊಳೆಯುವುದಿಲ್ಲ. ಕೊಳೆಯದಂತೆ ತಡೆಯುವ ಪದಾರ್ಥಗಳೇ ನಾಲ್ವರ ರಾತ್ರಿಯೂಟವನ್ನು ಅಗ್ಗವಾಗಿಸುತ್ತವೆ.

ಒಣಮೀನು, ಕೋಕಂ, ಉಪ್ಪಿನಕಾಯಿಗಳನ್ನು ಮಳೆಗಾಲಕ್ಕೆಂದು ಕೂಡಿಡುವುದಕ್ಕೆ ಗೋವಾದ ಕೊಂಕಣಿಗರು ಪುರುಮೆಂತ್ ಎನ್ನುತ್ತಾರೆ. ಚೋರಿಸ್ ಕೂಡ ಆ ಸಾಲಿಗೇ ಸೇರಿದ್ದು. ನನ್ನ ಮಟ್ಟಿಗೆ ಅದು ಮಾಂಸದ ಉಪ್ಪಿನಕಾಯಿ. ಮಾಂಸ ಮತ್ತು ಕೊಬ್ಬಿನ ತುಂಡುಗಳಿಗೆ ಉಪ್ಪು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕಳ್ಳಿನ ವಿನಿಗರ್ ಕಲಸಿ, ಕರುಳಿಗೆ ತುಂಬಿ, ಬಿಸಿಲಲ್ಲೋ ಒಲೆಯ ಹೊಗೆಯಲ್ಲೋ ಒಣಗಿಸುತ್ತಾರೆ.

ಉಪ್ಪು ಮಾಂಸದ ನೀರನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ಸಿಗದಂತೆ ಮಾಡುತ್ತದೆ. ವಿನಿಗರಿನ ಅಸೆಟಿಕ್ ಆಮ್ಲದ ವರಸೆ ಇನ್ನೂ ಕುಟಿಲ. ಅದರ ಅಣುಗಳು ಒಡೆಯದೆ ಬ್ಯಾಕ್ಟೀರಿಯಾದ ಪೊರೆ ದಾಟಿ, ಒಳಗೆ ಹೋದ ಮೇಲೆ ಒಡೆದು, ಜೀವಕೋಶವನ್ನು ಒಳಗಿನಿಂದಲೇ ಹುಳಿಯಾಗಿಸುತ್ತವೆ. ಈ ಕಾವಲು ಸಡಿಲವಾದರೆ ಅಪಾಯ ಸಣ್ಣದಲ್ಲ. ಸಾಸೇಜ್ ತಿಂದು ಸ್ನಾಯುಗಳು ಸೋತವರ ಪ್ರಕರಣಗಳನ್ನು ಜರ್ಮನಿಯ ವೈದ್ಯ ಜಸ್ಟಿನಸ್ ಕೆರ್ನರ್ 1820ರ ಹೊತ್ತಿಗೇ ವಿವರವಾಗಿ ಬರೆದಿದ್ದರು. ಆ ವಿಷವನ್ನು ಉಂಟುಮಾಡುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ, ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಅಂಕಿ 4.6ಕ್ಕಿಂತ ಕೆಳಗಿದ್ದರೆ ಬೆಳೆಯಲಾರದು.

ಇನ್ನು ಅಡುಗೆ. ಉಪ್ಪು, ಹುಳಿ, ಖಾರ, ಎಣ್ಣೆ ಎಲ್ಲವೂ ಚೋರಿಸ್‌ನಲ್ಲೇ ಇರುವುದರಿಂದ ನಾಲ್ಕು ಜನಕ್ಕೆ ನೂರೈವತ್ತು ಗ್ರಾಂ ಧಾರಾಳವಾಯಿತು. ಉಳಿದದ್ದು ಅರ್ಧ ಕಿಲೋ ಆಲೂಗಡ್ಡೆ, ಮೂರು ಈರುಳ್ಳಿ. ಚೋರಿಸ್‌ನ ಸಿಪ್ಪೆ ಸೀಳಿ ಒಳಗಿನದನ್ನು ಬಾಣಲೆಗೆ ಹಾಕಿ, ಎಣ್ಣೆಯ ಬದಲು ಒಂದು ಲೋಟ ನೀರು ಸುರಿಯಿರಿ. ನೀರಿರುವ ತನಕ ಶಾಖ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮೆಣಸಿನಕಾಯಿ, ಬೆಳ್ಳುಳ್ಳಿ ಸೀಯುವುದಿಲ್ಲ, ಕೊಬ್ಬು ಮಾತ್ರ ನಿಧಾನವಾಗಿ ಕರಗುತ್ತದೆ. ಬಾಣಲೆಯತ್ತ ಬಗ್ಗಿ ನೋಡಿದರೆ ನೀರಿನ ಮೇಲೆ ಕಡುಗೆಂಪು ಎಣ್ಣೆಯ ಬಿಲ್ಲೆಗಳು ತೇಲುತ್ತಿರುತ್ತವೆ, ನಡುವಿನ ನೀರು ಅಷ್ಟು ಕೆಂಪಾಗಿರುವುದಿಲ್ಲ. ಮೆಣಸಿನಕಾಯಿಯ ಬಣ್ಣವಾದ ಕ್ಯಾಪ್ಸಾಂಥಿನ್, ಖಾರವಾದ ಕ್ಯಾಪ್ಸೈಸಿನ್ ಎರಡೂ ಕೊಬ್ಬಿನಲ್ಲಿ ಕರಗುತ್ತವೆ. ಕೊತಕೊತ ಸದ್ದು ಚಿಟಪಟ ಎನ್ನತೊಡಗಿದರೆ ನೀರು ಹೆಚ್ಚುಕಡಿಮೆ ಆರಿತು. ಈಗ ಈರುಳ್ಳಿ ಹಾಕಬಹುದು.

ಆಲೂಗಡ್ಡೆ ಹಸಿಯಾಗಿಯೇ ಹಾಕಿದರೆ ಎಷ್ಟು ಹೊತ್ತು ಕಾದರೂ ಮೆತ್ತಗಾಗಲು ಮೊಂಡಾಟ ಮಾಡುತ್ತದೆ. ತರಕಾರಿಯ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಬರಿಯ ನೀರಿನಲ್ಲಿ ಕುದಿದಾಗ ಒಡೆಯುತ್ತದೆ, ಹುಳಿಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಹುಣಸೆಹುಳಿ ಮೊದಲೇ ಬಿದ್ದ ಸಾಂಬಾರಿನಲ್ಲಿ ತರಕಾರಿ ಬೇಯದಿರುವುದೂ ಇದರಿಂದಲೇ. ಆದ್ದರಿಂದ ಆಲೂಗಡ್ಡೆಯನ್ನು ಬೇರೆಯಾಗಿ ಮುಕ್ಕಾಲು ಬೇಯಿಸಿ ಆಮೇಲೆ ಸೇರಿಸುವುದು ವಾಸಿ. ಹುಳಿ ತಗುಲಿದ ಬಳಿಕ ಹೋಳುಗಳು ಕಲಸಿಹೋಗುವುದಿಲ್ಲ ಎಂಬುದು ಲಾಭವೇ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿದ ಮೇಲಷ್ಟೇ ಮುಟ್ಟಿ.

ಮಾಂಸವಂತೂ ಪೂರ್ತಿ ಬೇಯಬೇಕು. ವಿನಿಗರ್ ಬ್ಯಾಕ್ಟೀರಿಯಾಗಳನ್ನು ತಡೆದರೂ ಹಂದಿಮಾಂಸದಲ್ಲಿರಬಹುದಾದ ಲಾಡಿಹುಳುವಿನ ಮರಿಗಳ ವಿಷಯದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಮಾಂಸದ ಒಳಭಾಗ 71 ಡಿಗ್ರಿ ಮುಟ್ಟಿದರೆ ಅವು ಸಾಯುತ್ತವೆ. ಅರ್ಧ ಗಂಟೆಯ ಕುದಿತದಲ್ಲಿ ಸಣ್ಣ ತುಂಡುಗಳು ಅದನ್ನು ಸಲೀಸಾಗಿ ದಾಟುತ್ತವೆ.

ಗೋವಾದವರು ಇದನ್ನು ಪೊದೇರ್, ಅಂದರೆ ಬ್ರೆಡ್ಡಿನವನು, ತಂದುಕೊಡುವ ಪಾವಿನೊಳಗೆ ತುರುಕಿ ತಿನ್ನುತ್ತಾರೆ. ವಾಸ್ಕೋದಲ್ಲಿ ನೆಲೆಸಿದ ಬಾಗಲಕೋಟೆ, ಗದಗದ ಕಡೆಯವರಿಗೆ ನಾನು ಹೇಳುವುದು ಜೋಳದ ರೊಟ್ಟಿಯನ್ನು. ಪಾವು ಎಣ್ಣೆ ಕುಡಿದು ಮುದ್ದೆಯಾಗುತ್ತದೆ. ಖಡಕ್ ರೊಟ್ಟಿಯ ತುಂಡು ಕೆಂಪೆಣ್ಣೆಯನ್ನು ಬಾಚಿಕೊಂಡೂ ಮುರುಮುರು ಎನ್ನುತ್ತಿರುತ್ತದೆ. ಜೊತೆಗೆ ನೀರಿಗಿಂತ ಮಜ್ಜಿಗೆ ಇರಲಿ: ಹಾಲಿನ ಕೇಸೀನ್ ಪ್ರೋಟೀನ್ ಕ್ಯಾಪ್ಸೈಸಿನ್ ಅನ್ನು ನಾಲಿಗೆಯಿಂದ ಬಿಡಿಸಿ ಒಯ್ಯುತ್ತದೆ, ನೀರಿಗೆ ಅದು ಸಾಧ್ಯವಿಲ್ಲ.