ತನ್ನದಲ್ಲದ ಹಾಡಿನಿಂದ ಹೆಸರಾದ ಫಿಲ್ ಲೈನಟ್

ಬೆಂಗಳೂರಿನ ಪಬ್ಬುಗಳಲ್ಲಿ ‘ವಿಸ್ಕಿ ಇನ್ ದ ಜಾರ್’ ಶುರುವಾದರೆ ಯಾರಾದರೊಬ್ಬರು ‘ಮೆಟಾಲಿಕಾ!’ ಎಂದು ಕೂಗಿಯೇ ಕೂಗುತ್ತಾರೆ. ಕೂಗಲಿ, ಆ ಹಾಡಿಗೆ ಅಮೆರಿಕದ ಮೆಟಲ್ ತಂಡ ಮೆಟಾಲಿಕಾಗೆ ಗ್ರ್ಯಾಮಿ ಪ್ರಶಸ್ತಿಯೂ ಬಂದಿದೆ. ಆದರೆ ಅವರು 1998ರಲ್ಲಿ ಎತ್ತಿಕೊಂಡದ್ದು ಡಬ್ಲಿನ್‌ನ ಥಿನ್ ಲಿಝಿ ತಂಡ 1972ರಲ್ಲಿ ಅದಕ್ಕೆ ಕೊಟ್ಟಿದ್ದ ರೂಪವನ್ನು. ಮೂಲದಲ್ಲಿ ಅದು ಐರ್ಲೆಂಡಿನ ಜನಪದ ಗೀತೆ. ತಂಡದ ಗಾಯಕ, ಬೇಸ್ ವಾದಕ ಫಿಲ್ ಲೈನಟ್‌ಗೆ ಮೊದಲು ಹೆಸರು ತಂದದ್ದು, ವಿಚಿತ್ರವೆಂದರೆ, ತಾನು ಬರೆಯದ ಈ ಹಾಡೇ.

ಬರೆಯಬಲ್ಲವನಾಗಿದ್ದ, 1974ರಲ್ಲಿ ಕವನ ಸಂಕಲನವನ್ನೂ ತಂದ. ಆತ ಹುಟ್ಟಿದ್ದು 1949ರಲ್ಲಿ, ಇಂಗ್ಲೆಂಡಿನಲ್ಲಿ. ತಾಯಿ ಐರಿಶ್, ತಂದೆ ಬ್ರಿಟಿಷ್ ಗಯಾನಾದ ಕಪ್ಪುವರ್ಣೀಯ. ಬೆಳೆದದ್ದು ಡಬ್ಲಿನ್‌ನ ಅಜ್ಜಿಮನೆಯಲ್ಲಿ. ಆತನ ಕಪ್ಪು ಬೇಸ್ ಗಿಟಾರಿನ ಮೈಗೆ ಕನ್ನಡಿಯ ಫಲಕವಿತ್ತು. ವೇದಿಕೆಯ ದೀಪ ಅದಕ್ಕೆ ಬಡಿದು ಕೇಳುಗರ ಮುಖದ ಮೇಲೆ ಓಡಾಡುತ್ತಿತ್ತು.

1974ರಲ್ಲಿ ಸ್ಕಾಟ್ ಗೋರಮ್, ಬ್ರಯನ್ ರಾಬರ್ಟ್‌ಸನ್ ಎಂಬ ಇಬ್ಬರು ಗಿಟಾರ್ ವಾದಕರು ಸೇರಿದ ಮೇಲೆ ತಂಡದ ಚಹರೆಯೇ ಬದಲಾಯಿತು. ಇದು ಜುಗಲ್‌ಬಂದಿಯಲ್ಲ, ಅಲ್ಲಿ ಸವಾಲು-ಜವಾಬು ಇರುತ್ತದೆ. ಇಲ್ಲಿ ಎರಡೂ ಗಿಟಾರುಗಳು ಒಂದೇ ಧಾಟಿಯಲ್ಲಿ ಜೊತೆಯಾಗಿ ನಡೆಯುತ್ತವೆ: ಒಂದು ಷಡ್ಜದಲ್ಲಿದ್ದರೆ ಇನ್ನೊಂದು ಗಾಂಧಾರದಲ್ಲಿ. ವಿಷ್‌ಬೋನ್ ಆಶ್ ಎಂಬ ಬ್ರಿಟಿಷ್ ತಂಡ ಇದನ್ನು ಮೊದಲೇ ಮಾಡಿತ್ತು. ಮೂರು-ನಾಲ್ಕು ನಿಮಿಷದ ಹಾಡಿನೊಳಗೆ ಇದನ್ನು ಬಿಗಿಯಾಗಿ ಹೊಲಿದದ್ದು ಮಾತ್ರ ಲೈನಟ್ ತಂಡ ಎಂದೇ ನನ್ನ ಎಣಿಕೆ.

1976ರಲ್ಲಿ ತಂಡದ ‘ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್’ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 12ನೇ ಸ್ಥಾನಕ್ಕೇರಿತು. ರೇನ್‌ಬೋ ತಂಡದ ಜೊತೆ ಅಲ್ಲಿ ಪ್ರವಾಸವೂ ಗೊತ್ತಾಗಿತ್ತು. ಅಷ್ಟರಲ್ಲಿ ಲೈನಟ್‌ಗೆ ಹೆಪಟೈಟಿಸ್ ಹಿಡಿದು ಪ್ರವಾಸ ಕೈಬಿಟ್ಟಿತು. ವರ್ಷದ ಕೊನೆಗೆ ಮತ್ತೊಂದು ಅಮೆರಿಕ ಪ್ರವಾಸ ಹೊರಡಬೇಕು ಎನ್ನುವಾಗ ರಾಬರ್ಟ್‌ಸನ್ ಲಂಡನ್ನಿನ ಕ್ಲಬ್ಬೊಂದರ ಜಗಳದಲ್ಲಿ ಕೈಗೆ ಗಾಯ ಮಾಡಿಕೊಂಡ. ಅದೂ ರದ್ದಾಯಿತು. ಹಾಡು ಮನೆಮನೆಗೆ ಹೋಗಿತ್ತು, ಹಾಡಿದವರು ಹೋಗಲಿಲ್ಲ. ಎಲ್ಲವನ್ನೂ ಗ್ರಹಚಾರದ ತಲೆಗೆ ಕಟ್ಟುವಂತೆಯೂ ಇಲ್ಲ. ಮುಂದೆ ಹೆರಾಯಿನ್ ಲೈನಟ್‌ನನ್ನು ತಿಂದುಹಾಕಿತು. 1983ರಲ್ಲಿ ತಂಡ ಮುರಿಯಿತು. 1986ರ ಜನವರಿ 4ರಂದು ತೀರಿಕೊಂಡಾಗ ಲೈನಟ್‌ಗೆ 36 ವರ್ಷ.

ಬ್ರಿಗೇಡ್ ರಸ್ತೆಯಲ್ಲಿ ಕ್ಯಾಸೆಟ್ ಹುಡುಕುತ್ತಿದ್ದ ಕಾಲದಲ್ಲಿ ಡೀಪ್ ಪರ್ಪಲ್ ನನಗೆ ಸಲೀಸಾಗಿ ಸಿಗುತ್ತಿತ್ತು, ಥಿನ್ ಲಿಝಿ ಒಮ್ಮೆಯೂ ಸಿಗಲಿಲ್ಲ. ಆ ಜೋಡಿ ಗಿಟಾರಿನ ವರಸೆ ಕೊನೆಗೆ ನಮ್ಮೂರಿಗೆ ಬಂದದ್ದು ಅದನ್ನು ಕೇಳಿ ಬೆಳೆದ ಬ್ರಿಟಿಷ್ ಮೆಟಲ್ ತಂಡ ಐರನ್ ಮೇಡನ್ ಮೂಲಕ, 2007ರ ಮಾರ್ಚ್ 17ರಂದು, ಅರಮನೆ ಮೈದಾನಕ್ಕೆ. ಗಿಟಾರುಗಳು ಜೊತೆಯಾಗಿ ಏರಿದಾಗ ಪದವಿಲ್ಲದ ಆ ಧಾಟಿಯನ್ನು ಜನರೇ ‘ಓ ಓ’ ಎಂದು ಹಾಡತೊಡಗಿದರು. ನನ್ನ ಪಕ್ಕದವನು ಮೇಲಿನ ಸ್ವರ ಹಿಡಿದಿದ್ದ, ನಾನು ಕೆಳಗಿನದನ್ನು.