ನೂರು ಡಿಗ್ರಿಯ ಹೊಸ್ತಿಲು ದಾಟದ ಈರುಳ್ಳಿ

ಮೊದಲ ಸಲ ಈರುಳ್ಳಿಗೆ ಚೀಸ್ ಹಾಕಿ ಬೇಕ್ ಮಾಡಿದಾಗ ಓವನ್ನಿನಿಂದ ಹೊರಬಂದದ್ದು ಒಂದು ಪುಟ್ಟ ಕೆರೆ. ಮೇಲೆ ರಬ್ಬರಿನಂಥ ಹಳದಿ ಹಾಳೆ, ಅದರ ಅಂಚಿನಲ್ಲಿ ಎಣ್ಣೆಯ ಕಣ್ಣುಗಳು, ಸೌಟು ಇಳಿಸಿದರೆ ತಳದಲ್ಲಿ ಒಂದು ಬೆರಳು ನೀರು. ಆ ನೀರಿನಲ್ಲಿ ಈರುಳ್ಳಿ ಬಿಳಿಚಿಕೊಂಡು ಜ್ವರ ಬಂದವರ ಹಾಗೆ ಮಲಗಿತ್ತು. ಪಾಕವಿಧಾನದಲ್ಲಿ ಇದ್ದದ್ದನ್ನೇ ಮಾಡಿದ್ದೆ: ಹೆಚ್ಚಿ ಹರಡಿ, ಉಪ್ಪು ಉದುರಿಸಿ, ಮೇಲೆ ಚೀಸ್ ತುರಿದು ಮುಚ್ಚಿ, 200 ಡಿಗ್ರಿಯಲ್ಲಿ ಅರ್ಧ ಗಂಟೆ. ಫೋಟೋದಲ್ಲಿ ಹೊಂಬಣ್ಣ, ನನ್ನ ಟ್ರೇಯಲ್ಲಿ ಕೆರೆ.

200 ಡಿಗ್ರಿ ಕೊಟ್ಟಿದ್ದೆನಲ್ಲ, ಅದು ಹೋಯಿತೆಲ್ಲಿಗೆ? ಓವನ್ನಿನೊಳಗಿನ ಗಾಳಿಗೆ 200 ಡಿಗ್ರಿ ಇತ್ತು, ನಿಜ. ಈರುಳ್ಳಿಗೆ ಇರಲಿಲ್ಲ. 100 ಗ್ರಾಂ ಈರುಳ್ಳಿಯಲ್ಲಿ ಸುಮಾರು 89 ಗ್ರಾಂ ನೀರೇ. ಆ ನೀರು ಇರುವಷ್ಟು ಹೊತ್ತು ನೀವು ಉರಿಯನ್ನು ಎಷ್ಟೇ ಏರಿಸಿ, ಈರುಳ್ಳಿ 100 ಡಿಗ್ರಿಯ ಆಸುಪಾಸಿನಲ್ಲೇ ಕೂತಿರುತ್ತದೆ. ನಮಗೆ ಬೇಕಾದ ಕಂದು ಬಣ್ಣವಾಗಲಿ ಘಮವಾಗಲಿ ಚುರುಕಾಗಿ ಹುಟ್ಟುವುದು 140 ಡಿಗ್ರಿಯ ಮೇಲೆ. ನಡುವಿನ 40 ಡಿಗ್ರಿಯಲ್ಲಿ ಈ ಅಡುಗೆಯ ಸೋಲು ಗೆಲುವು ಎರಡೂ ಇವೆ.

ಆ ಕಂದು ಬಣ್ಣದ ರಸಾಯನಕ್ಕೆ ಮಯಾರ್ ಕ್ರಿಯೆ ಎಂದು ಹೆಸರು. ಲೂಯಿ ಕಮಿಲ್ ಮಯಾರ್ ಎಂಬ ಫ್ರೆಂಚ್ ವಿಜ್ಞಾನಿ 1912ರಲ್ಲಿ ಅಮೈನೋ ಆಮ್ಲಗಳನ್ನೂ ಸಕ್ಕರೆಯನ್ನೂ ಒಟ್ಟಿಗೆ ಬಿಸಿ ಮಾಡಿ, ಅವು ಕಂದಾಗುವುದನ್ನು ವರದಿ ಮಾಡಿದ. ಜನ ಇದನ್ನು ಸಾರಾಸಗಟಾಗಿ ‘ಕ್ಯಾರಮೆಲ್ ಆಗುವುದು’ ಅನ್ನುತ್ತಾರೆ. ಕ್ಯಾರಮೆಲ್ ಬೇರೆ, ಅದು ಸಕ್ಕರೆ ತಾನೊಂದೇ ಬಿಸಿಗೆ ಮುರಿದುಕೊಳ್ಳುವುದು. ಬಾಣಲೆಯ ಈರುಳ್ಳಿಯಲ್ಲಿ ಎರಡೂ ನಡೆಯುತ್ತವೆ, ಹಾಗಾಗಿ ಹೆಸರಿನ ಜಗಳ ಬೇಡ. ಆದರೆ ‘ಬೇಯಿಸಿದರೆ ಈರುಳ್ಳಿಯಲ್ಲಿ ಸಕ್ಕರೆ ಹುಟ್ಟುತ್ತದೆ’ ಎಂಬ ಮಾತಿಗೆ ಮಾತ್ರ ನನ್ನ ತಕರಾರಿದೆ. ಉದ್ದ ಸರಪಳಿಯ ಕೆಲವು ಸಕ್ಕರೆಗಳು ಬೆಂದು ತುಂಡಾಗುವುದುಂಟು. ಬಹುಪಾಲು ಸಿಹಿ ಮಾತ್ರ ಮೊದಲೇ ಅಲ್ಲಿತ್ತು, 100 ಗ್ರಾಮಿಗೆ 4-5 ಗ್ರಾಂ. ಗಂಧಕದ ಖಾರ ಅದನ್ನು ಮುಚ್ಚಿಟ್ಟಿತ್ತು, ನೀರು ಅದನ್ನು ತೆಳುವಾಗಿಸಿತ್ತು. ಒಂದು ಕಿಲೋ ಈರುಳ್ಳಿ ಬಾಡಿ ಬಾಡಿ 300 ಗ್ರಾಮಿಗೆ ಇಳಿದಾಗ ಆ 45 ಗ್ರಾಂ ಸಕ್ಕರೆ ಅಷ್ಟರಲ್ಲೇ ಒತ್ತೊತ್ತಾಗಿ ಕೂತಿರುತ್ತದೆ. ಸಿಹಿಯಾಗದೆ ಇನ್ನೇನಾದೀತು?

ಅಂದರೆ ಕೆಲಸವೆಲ್ಲ ನೀರನ್ನು ಓಡಿಸುವುದೇ. ಅದಕ್ಕೆ ಇಷ್ಟು ಹೊತ್ತು ಯಾಕೆ ಬೇಕು ಎನ್ನುವುದಕ್ಕೆ ಇರುವ ಉತ್ತರ ನನಗೆ ತೀರಾ ಇಷ್ಟದ್ದು. ಇದನ್ನು ಮೊದಲು ಸರಿಯಾಗಿ ಹಿಡಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1760ರ ದಶಕದ ಆರಂಭದಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿದ್ದ ಈತ ಒಲೆಯ ಮೇಲೆ ನೀರಿಟ್ಟು, ಅದು ಕುದಿಗೆ ಬರಲು ಎಷ್ಟು ಹೊತ್ತು, ಕುದ್ದು ಪೂರ್ತಿ ಇಂಗಲು ಎಷ್ಟು ಹೊತ್ತು ಎಂದು ಹೋಲಿಸಿದ. ಅಡುಗೆಮನೆಯಲ್ಲಿ ದಿನಾ ನಡೆಯುವ ಸಂಗತಿ, ಯಾರೂ ಲೆಕ್ಕ ಇಟ್ಟಿರಲಿಲ್ಲ. ಕುದಿ ಬಂದ ಮೇಲೂ ಒಲೆ ಮೊದಲಿನಷ್ಟೇ ಉರಿಯುತ್ತಿದೆ, ಥರ್ಮಾಮೀಟರ್ ಮಾತ್ರ ಜಪ್ಪಯ್ಯ ಎಂದರೂ ಏರುತ್ತಿಲ್ಲ. ಹಾಗಾದರೆ ಕಾವು ಎಲ್ಲೋ ಅಡಗಿಕೊಳ್ಳುತ್ತಿದೆ ಎಂದ ಬ್ಲ್ಯಾಕ್. ಅದಕ್ಕೇ ಗುಪ್ತೋಷ್ಣ ಎಂಬ ಹೆಸರು. ಅದೇ ವಿಶ್ವವಿದ್ಯಾಲಯದಲ್ಲಿ ಉಪಕರಣಗಳನ್ನು ರಿಪೇರಿ ಮಾಡಿಕೊಂಡಿದ್ದ ಒಬ್ಬ ತರುಣ ಬ್ಲ್ಯಾಕ್‌ನ ಗೆಳೆಯನೂ ಆಗಿದ್ದ. ಹೆಸರು ಜೇಮ್ಸ್ ವಾಟ್. ಮುಂದೆ ಉಗಿಯಂತ್ರ ಸುಧಾರಿಸಿದ ಅದೇ ವಾಟ್. ನಮ್ಮ ಬಾಣಲೆಯ ಲೆಕ್ಕವನ್ನು ಅಳೆಯುವುದೂ ಅವನ ಹೆಸರಿನಲ್ಲೇ.

ಲೆಕ್ಕ ಹಾಕೋಣ. ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು ಸುಮಾರು 314 ಕಿಲೋಜೂಲ್ ಸಾಕು. ಅದೇ ನೀರನ್ನು 100 ಡಿಗ್ರಿಯಲ್ಲೇ ಆವಿ ಮಾಡಲು 2,257 ಕಿಲೋಜೂಲ್ ಬೇಕು. ಏಳು ಪಟ್ಟು! ನೀರಿನ ಅಣುಗಳು ಒಂದರ ಕೈ ಒಂದು ಹಿಡಿದು ನಿಂತಿರುತ್ತವೆ, ಹೊರಡುವ ಪ್ರತಿಯೊಂದಕ್ಕೂ ಆ ಹಿಡಿತ ಬಿಡಿಸಿ ಕಳಿಸಬೇಕು. ಹೊಸ್ತಿಲಲ್ಲೇ ಸಾಲ ಕೊಟ್ಟವನು ಕೂತಿದ್ದಾನೆ ಎಂದುಕೊಳ್ಳಿ. ನೀವು ತಂದ ಸಂಬಳವೆಲ್ಲ ಅವನ ಕೈಗೆ, ಮನೆಯೊಳಗೆ ಬಿಡಿಗಾಸೂ ಬರುವುದಿಲ್ಲ, ಸಾಲ ತೀರುವ ತನಕ. ಬೆವರು ಆರುವಾಗ ಮೈ ತಣ್ಣಗಾಗುವುದೂ ಇದೇ ವ್ಯವಹಾರ: ಹೋಗುವ ನೀರು ಮೈಯ ಕಾವನ್ನು ಬುತ್ತಿ ಕಟ್ಟಿಕೊಂಡು ಹೋಗುತ್ತದೆ. ಇನ್ನೂ ನಂಬಿಕೆ ಬರದಿದ್ದರೆ ಕಾಗದದ ದೊನ್ನೆಯಲ್ಲಿ ನೀರು ತುಂಬಿ ಮೇಣದ ಬತ್ತಿಯ ಮೇಲೆ ಹಿಡಿಯಿರಿ. ನೀರು ಬಿಸಿಯೇರುತ್ತದೆ, ನೀರು ತಾಗಿದ ಕಡೆ ಕಾಗದ ಹೊತ್ತಿಕೊಳ್ಳುವುದಿಲ್ಲ. ಕಾಗದವನ್ನು ಕಾಯುವ ನೀರೇ ಈರುಳ್ಳಿಯನ್ನೂ ಕಂದಾಗದಂತೆ ಕಾಯುತ್ತಿದೆ. ನಾವು ಬಯಸದ ಕಾವಲು, ಅಷ್ಟೇ ವ್ಯತ್ಯಾಸ.

ಈಗ ಒಂದು ಕಿಲೋ ಈರುಳ್ಳಿಯಿಂದ 700 ಗ್ರಾಂ ನೀರು ಹೋಗಬೇಕು ಎಂದಿಟ್ಟುಕೊಳ್ಳಿ. ಆವಿ ಮಾಡಲು ಸುಮಾರು 1,580 ಕಿಲೋಜೂಲ್, ಮೊದಲು ಬಿಸಿ ಮಾಡಲು ಇನ್ನೊಂದು 290. ಬಾಣಲೆಗೆ ಚೊಕ್ಕ 1,000 ವಾಟ್ ತಲುಪುತ್ತಿದ್ದರೂ ಅರ್ಧ ಗಂಟೆ ದಾಟುತ್ತದೆ. ಒಲೆಯ ಕಾವಿನಲ್ಲಿ ಎಷ್ಟೋ ಪಾಲು ಸುತ್ತಲಿನ ಗಾಳಿಗೆ ಹೋಗುವುದರಿಂದ ಮನೆಯಲ್ಲಿ ಮುಕ್ಕಾಲು ಗಂಟೆಯೇ ಹಿಡಿದೀತು. ಹಾಗಾಗಿ ‘ಐದು ನಿಮಿಷ ಹುರಿಯಿರಿ, ಈರುಳ್ಳಿ ಗಾಢ ಕಂದು ಬಣ್ಣಕ್ಕೆ ಬರುತ್ತದೆ’ ಎಂದು ಬರೆಯುವವರು ಭೌತವಿಜ್ಞಾನದ ಜೊತೆ ಜಗಳಕ್ಕೆ ನಿಂತಿದ್ದಾರೆ. ಐದು ನಿಮಿಷದಲ್ಲಿ ಅಂಚು ಸೀಯಬಹುದು. ಅಂಚಿನಲ್ಲಿ ನೀರು ಬೇಗ ಮುಗಿದಿರುತ್ತದೆ, ನಡುವೆ ಇನ್ನೂ ಕೆರೆ.

ನನ್ನ ಟ್ರೇಯಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು. ಉಪ್ಪು ಬಿದ್ದೊಡನೆ ಈರುಳ್ಳಿ ನೀರು ಬಿಟ್ಟಿತು. ಮೇಲಿದ್ದ ಚೀಸ್ ಕರಗಿ ಮುಚ್ಚಳವಾಯಿತು. ಆವಿಗೆ ದಾರಿಯಿಲ್ಲ. ನಾನು ಬೇಕ್ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ, ಅದು ಹಬೆಯಲ್ಲಿ ಬೇಯುತ್ತಿತ್ತು. ಈಗ ಈರುಳ್ಳಿ ಕಂದಾಗುವ ತನಕ ಚೀಸನ್ನು ಹತ್ತಿರವೇ ಬಿಡುವುದಿಲ್ಲ. ಅಗಲದ ಬಾಣಲೆಯಲ್ಲಿ ಬೆಣ್ಣೆ ಹಾಕಿ ಮೊದಲು ಈರುಳ್ಳಿಯನ್ನು ಬಾಡಿಸುತ್ತೇನೆ. ನೋಡುವುದಕ್ಕಿಂತ ಕಿವಿ ಕೊಡುವುದು ಲೇಸು. ಶುರುವಿಗೆ ತುಂತುರು ಮಳೆಯಂಥ ಒದ್ದೆ ಸದ್ದು, ಆಮೇಲೆ ದಪ್ಪ ಗುಳ್ಳೆಗಳ ಕೊತಕೊತ, ನೀರು ಮುಗಿಯುತ್ತ ಬಂದಾಗ ಅದು ಸಣ್ಣ ಚಟಪಟಕ್ಕೆ ತಿರುಗುತ್ತದೆ. ಆ ಚಟಪಟ ಅಂದರೆ ಹೊಸ್ತಿಲು ದಾಟಿತು ಅಂತ. ಅಲ್ಲಿಂದ ಮುಂದೆ ಬಣ್ಣ ನಿಮಿಷ ನಿಮಿಷಕ್ಕೂ ಓಡುತ್ತದೆ, ಫೋನ್ ಹಿಡಿದು ಆಚೆ ಹೋದಿರೋ ಕೆಟ್ಟಿರಿ. ತಳ ಹಿಡಿದ ಕಂದನ್ನು ಎರಡು ಚಮಚ ನೀರು ಹಾಕಿ ಕೆರೆದು ಈರುಳ್ಳಿಗೇ ಸೇರಿಸಿ. ಇಷ್ಟು ಹೊತ್ತು ಓಡಿಸಿದ ನೀರನ್ನು ಮತ್ತೆ ಕರೆಯುವುದೇ ಎಂದು ನಗಬೇಡಿ, ಆ ಕಂದು ಬಣ್ಣದ ಬಹುಭಾಗ ನೀರಿನಲ್ಲಿ ಕರಗುವಂಥದ್ದು.

ಆತುರಗಾರರು ಅಡುಗೆ ಸೋಡಾ ಹಾಕುತ್ತಾರೆ. ಕ್ಷಾರದಲ್ಲಿ ಮಯಾರ್ ಕ್ರಿಯೆ ಚುರುಕಾಗುತ್ತದೆ, ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಬೇಗ ಕರಗುತ್ತದೆ. ಒಂದು ಚಿಟಿಕೆ ಸಾಕು. ನಾನೊಮ್ಮೆ ಧಾರಾಳವಾಗಿ ಒಂದು ಚಮಚ ಸುರಿದೆ, ಅದೂ ನೇರಳೆ ಸಿಪ್ಪೆಯ ಈರುಳ್ಳಿಗೆ. ಎರಡೇ ನಿಮಿಷದಲ್ಲಿ ಬಾಣಲೆಯೊಳಗೆ ನೀಲಿ-ಹಸಿರು ಗಂಜಿ! ಮನೆಯಲ್ಲಿ ಒಬ್ಬರು ‘ಇದು ವಿಷ, ಚೆಲ್ಲಿಬಿಡು’ ಎಂದರು. ವಿಷವಲ್ಲ, ಬಣ್ಣ ಬದಲಿಸಿದ ಆಂಥೋಸಯನಿನ್, ಅಂದರೆ ಸಿಪ್ಪೆಗೆ ನೇರಳೆ ಬಣ್ಣ ಕೊಡುವ ವಸ್ತು. ಆಮ್ಲದಲ್ಲಿ ಕೆಂಪು, ಕ್ಷಾರದಲ್ಲಿ ಹಸಿರು. 1664ರಲ್ಲಿ ರಾಬರ್ಟ್ ಬಾಯ್ಲ್ ನೇರಳೆ ಹೂವಿನ ಪಾನಕದಿಂದ ಆಮ್ಲ-ಕ್ಷಾರ ಗುರುತಿಸುವುದನ್ನು ವಿವರಿಸಿದ್ದು ಇದೇ ಜಾತಿಯ ಬಣ್ಣದಿಂದ. ಆ ದಿನ ಚೆಲ್ಲಿದ್ದು ಮಾತ್ರ ಹೌದು, ರುಚಿ ಸೋಪಿನಂತಿತ್ತು.

ವಿಷದ ಮಾತು ಬಂತು, ಇನ್ನೊಂದನ್ನೂ ಹೇಳಿ ಮುಗಿಸುತ್ತೇನೆ. ಹಿಂದಿನ ರಾತ್ರಿಯೇ ಹೆಚ್ಚಿಟ್ಟ ಈರುಳ್ಳಿ ಗಾಳಿಯಲ್ಲಿನ ರೋಗಾಣುಗಳನ್ನೆಲ್ಲ ಹೀರಿಕೊಂಡು ವಿಷವಾಗುತ್ತದೆ ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರುತ್ತಲೇ ಇದೆ. ಕೋಣೆಯ ಮೂಲೆಯಲ್ಲಿ ಈರುಳ್ಳಿ ಇಟ್ಟರೆ ಜ್ವರ ಬರುವುದಿಲ್ಲ ಎನ್ನುವುದು ಅದರ ಅಣ್ಣ. ರೋಗ ಬರುವುದು ಕೆಟ್ಟ ಗಾಳಿಯಿಂದ ಎಂದು ನಂಬಿದ್ದ ಕಾಲದ ಉಳಿಕೆ ಇದು. ಮಲೇರಿಯಾ ಎಂಬ ಹೆಸರಿಗೇ ಇಟಾಲಿಯನ್ ಭಾಷೆಯಲ್ಲಿ ಕೆಟ್ಟ ಗಾಳಿ ಎಂದರ್ಥ. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯವನ್ನೇ ತೋರಿಸಿಕೊಟ್ಟ ಮೇಲೂ ಹಳೆಯ ಗಾಳಿ ಬೀಸುತ್ತಲೇ ಇದೆ. ಬ್ಯಾಕ್ಟೀರಿಯಗಳಿಗೆ ರೆಕ್ಕೆಯಿಲ್ಲ, ಈರುಳ್ಳಿಗೆ ಅವನ್ನು ಸೆಳೆಯುವ ಸೂಜಿಗಲ್ಲೂ ಇಲ್ಲ. ಯಾವುದೇ ಹೆಚ್ಚಿದ ತರಕಾರಿಯಂತೆ ಇದನ್ನೂ ಡಬ್ಬಿಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಿ, ಮುಗಿಯಿತು. ಚಾಕು ತಗುಲಿದಾಗಲೇ ಈರುಳ್ಳಿಯ ಗಂಧಕದ ರಸಾಯನ ಶುರುವಾಗುತ್ತದೆ. ಕಣ್ಣೀರು ತರಿಸುವ ಅಣುವಿನ ಕಥೆ ಎಲ್ಲರಿಗೂ ಗೊತ್ತು. ಅದೇ ಸರಪಳಿಯ ಇನ್ನೊಂದು ತುದಿಯಲ್ಲಿ ಮರ್ಕ್ಯಾಪ್ಟೊ-ಮೀಥೈಲ್-ಪೆಂಟನಾಲ್ ಎಂಬ ಉದ್ದ ಹೆಸರಿನ ಇನ್ನೊಂದು ಅಣು ಹುಟ್ಟುತ್ತದೆ, ಬೆಂದ ಈರುಳ್ಳಿಗೆ ಮಾಂಸದ ಸಾರಿನಂಥ ಘಮ ಕೊಡುವುದು ಅದೇ.

ಇನ್ನು ಚೀಸ್. ಕೇಸೀನ್ ಎಂಬ ಪ್ರೋಟೀನಿನ ಬಲೆ, ಗಂಟುಗಂಟಿಗೂ ಕ್ಯಾಲ್ಸಿಯಂ, ಬಲೆಯ ಕಣ್ಣುಗಳಲ್ಲಿ ಕೊಬ್ಬು ಮತ್ತು ನೀರು. 40 ಡಿಗ್ರಿಯೊಳಗೆ ಕೊಬ್ಬು ಕರಗುತ್ತದೆ, 60ರ ಆಸುಪಾಸಿನಲ್ಲಿ ಬಲೆ ಸಡಿಲವಾಗಿ ಚೀಸ್ ಹರಿಯುತ್ತದೆ. ನಿಲ್ಲಿಸಬೇಕಾದದ್ದು ಅಲ್ಲಿ. ಇನ್ನೂ ಕಾಯಿಸಿದರೆ ನೀರು ಆರಿ, ಬಲೆ ಹಿಂಡಿಕೊಂಡು, ಒದ್ದೆ ಬಟ್ಟೆ ಹಿಂಡಿದ ಹಾಗೆ ಕೊಬ್ಬನ್ನು ಹೊರಗೆ ತಳ್ಳುತ್ತದೆ. ನನ್ನ ಎಣ್ಣೆಯ ಕಣ್ಣುಗಳು ಅವೇ. ಈರುಳ್ಳಿಗೆ ನೀರು ಹೋಗಬೇಕು, ಚೀಸಿಗೆ ನೀರು ಉಳಿಯಬೇಕು. ಎರಡನ್ನೂ ಒಂದೇ ಟ್ರೇಯಲ್ಲಿ ಒಂದೇ ಹೊತ್ತು ಇಟ್ಟರೆ ಒಬ್ಬರಿಗಾದರೂ ಅನ್ಯಾಯವಾಗಲೇಬೇಕು.

1911ರಲ್ಲಿ ಸ್ವಿಟ್ಜರ್ಲೆಂಡಿನ ಥೂನ್ ಪಟ್ಟಣದಲ್ಲಿ ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್ ಇದಕ್ಕೆ ಒಂದು ಉಪಾಯ ಕಂಡುಕೊಂಡರು. ಸೋಡಿಯಂ ಸಿಟ್ರೇಟ್ ಬೆರೆಸಿದರೆ ಅದು ಬಲೆಯ ಗಂಟಿನಿಂದ ಕ್ಯಾಲ್ಸಿಯಮನ್ನು ಕಿತ್ತುಕೊಳ್ಳುತ್ತದೆ, ಬಿಡಿಯಾದ ಪ್ರೋಟೀನು ಕೊಬ್ಬನ್ನೂ ನೀರನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಸಂಸ್ಕರಿಸಿದ ಚೀಸ್ ಹುಟ್ಟಿದ್ದು ಹೀಗೆ. ಆ ಹಾಳೆ ಚೀಸನ್ನು ಮೂಗು ಮುರಿದು ದೂರವಿಡುವವರಿಗೆ ಗೊತ್ತಿರಲಿ, ತುರಿದ ಒಳ್ಳೆಯ ಚೀಸಿನ ಜೊತೆ ಅದರ ಒಂದು ಹಾಳೆ ಸೇರಿದರೆ ಸಾಕು, ಉಳಿದದ್ದೂ ಒಡೆಯದೆ ಕರಗುತ್ತದೆ. ಅದು ಬೇಡವೆಂದರೆ ಬೆಣ್ಣೆಯಲ್ಲಿ ಹಿಟ್ಟು ಹುರಿದು ಹಾಲು ಬೆರೆಸಿದ ಸಾಸ್ ಇದೆ. ಅದರ ಪಿಷ್ಟ ಪ್ರೋಟೀನುಗಳ ನಡುವೆ ಅಡ್ಡ ನಿಂತು ಹಿಂಡಲು ಬಿಡುವುದಿಲ್ಲ. ನಾನು ಮಾಡುವುದು ಇದನ್ನೇ: ಕಂದಾದ ಈರುಳ್ಳಿಗೆ ಸಾಸ್ ಕಲಸಿ, ಮೇಲೆ ತುರಿದ ಚೀಸ್ ಹರಡಿ, ಓವನ್ನಿನ ಮೇಲಿನ ಗ್ರಿಲ್ಲಿನ ಕೆಳಗೆ ಐದಾರು ನಿಮಿಷ. ಮೇಲ್ಮೈಯ ನೀರು ಮಾತ್ರ ಹಾರಿ ಅಲ್ಲಲ್ಲಿ ಕಂದು ಚುಕ್ಕೆ ಏಳುತ್ತದೆ, ಅಡಿಯ ಪದರ ಮೆತ್ತಗೇ ಇರುತ್ತದೆ.

ತೆಗೆದ ಕೂಡಲೇ ಬಾಯಿಗಿಡಬೇಡಿ, ಹತ್ತು ನಿಮಿಷ ಕಾಯಿರಿ. ಗರಿಯಾದ ಮೇಲ್ಪದರ ಹೆಚ್ಚು ಬಿಸಿ ಏರಿದ್ದರೂ ಅದರಲ್ಲಿ ನೀರಿಲ್ಲ, ನಾಲಿಗೆಗೆ ಕೊಡಲು ಹೆಚ್ಚೇನೂ ಕಾವಿಲ್ಲ. ಸುಡುವುದು ಅದರಡಿಯ ಒದ್ದೆ ಈರುಳ್ಳಿ. ಚಮಚ ಚುಚ್ಚಿದಾಗ ಚೀಸಿನ ಕೆಳಗೆ ಸಿಕ್ಕಿಕೊಂಡಿದ್ದ ಹಬೆ ಭುಸ್ಸೆಂದು ಏಳುತ್ತದೆ, ಬಾಯೊಳಗೆ ಹೋದದ್ದು ಅಂಗುಳಕ್ಕೆ ತಾಗಿ ಮತ್ತೆ ನೀರಾಗುತ್ತದೆ. ಹಾಗೆ ನೀರಾಗುವಾಗ ಒಲೆಯಿಂದ ಕಿತ್ತುಕೊಂಡು ಹೋಗಿದ್ದ ಆ ಗುಪ್ತೋಷ್ಣವನ್ನು ಒಂದು ಬಿಡಿಗಾಸೂ ಉಳಿಸಿಕೊಳ್ಳದೆ ಅಂಗುಳದ ಮೇಲೇ ಸುರಿದುಬಿಡುತ್ತದೆ. ನನ್ನ ಅಂಗುಳದ ಸಿಪ್ಪೆ ಎರಡು ಸಲ ಎದ್ದಿದೆ.